ಶಾಲೆಗೆ ಬೀಗ ಹಾಕಿದ ಹತ್ತು ದಿನಗಳು

(ಶಾಲಾ ಶತಮಾನೋತ್ಸವದ ಅಂಗವಾಗಿ ಕ್ರಿಸ್‌ಮಸ್ ರಜೆಯಲ್ಲಿ ಜರಗಿದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ನಿವೃತ್ತ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಮ್ಮ ಶಾಲೆಯ ನೂರು ವರ್ಷಗಳ ಸಾಧನೆಯನ್ನು ಕುರಿತು ನನಗಿಂತ ಮೊದಲು ಮಾತಾಡಿದವರು ಸಾಕಷ್ಟು ಹೇಳಿದ್ದಾರೆ. ಕಟ್ಟಡ ಕಟ್ಟಿಸಿದವರನ್ನು, ಬಾವಿ ತೋಡಿಸಿದವರನ್ನು, ಹಂಚು ಹೊದಿಸಿದವರನ್ನು ಅವರು ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮ್ಮ ಸಮಯವನ್ನು ತೆಗೆದುಕೊಳ್ಳಲಾರೆ. ಶಾಲೆ ತೆರೆದಿದ್ದ ದಿನಗಳ ಬಗ್ಗೆ ಅಲ್ಲ, ಶಾಲೆ ಮುಚ್ಚಿದ್ದ ದಿನಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನಾನು ಬಂದಿದ್ದೇನೆ. ಈ ಸಮಾವೇಶ ನಡೆಯುತ್ತಿರುವುದೂ ಅಂಥ ದಿನಗಳಲ್ಲೇ. ಹೊರಗೆ ನೋಡಿದರೆ ಗದ್ದೆಯ ಹುಣಿಯಲ್ಲಿ ಇಬ್ಬನಿ ಇನ್ನೂ ಆರಿಲ್ಲ. ತರಗತಿಗಳ ಬಾಗಿಲುಗಳಿಗೆ ಬೀಗವಿದೆ. ಅಧ್ಯಾಪಕನಾಗಿದ್ದ ಕಾಲದಿಂದಲೂ ನನ್ನನ್ನು ಕಾಡಿದ ಒಂದು ಪ್ರಶ್ನೆಯಿದೆ. ಶಾಲೆಗೆ ಬೀಗ ಹಾಕಿದ ಈ ಹತ್ತು ದಿನಗಳಲ್ಲಿ ನಮ್ಮ ಮಕ್ಕಳ ಕನ್ನಡ ಎಲ್ಲಿರುತ್ತದೆ?

ಬೇರೆ ಊರಿನವರಿಗೆ ಇದು ವಿಚಿತ್ರವಾದ ಪ್ರಶ್ನೆಯೆನಿಸಬಹುದು. ಧಾರವಾಡದ ಮಗು ರಜೆಯಲ್ಲಿಯೂ ಕನ್ನಡದಲ್ಲೇ ಉಣ್ಣುತ್ತದೆ, ಕನ್ನಡದಲ್ಲೇ ಜಗಳವಾಡುತ್ತದೆ. ನಮ್ಮಲ್ಲಿ ಹಾಗಲ್ಲ. ಈ ಶಾಲೆಯ ಹಾಜರಿ ಪುಸ್ತಕದಲ್ಲಿ ನಾನು ಮೂವತ್ತು ವರ್ಷಗಳ ಕಾಲ ಕರೆದ ಹೆಸರುಗಳಲ್ಲಿ ಹೆಚ್ಚಿನವರ ಮನೆಮಾತು ಕನ್ನಡವಲ್ಲ. ಮೊಗವೀರರ ಮಕ್ಕಳ ಮನೆಯಲ್ಲಿ ತುಳು, ಮುಕ್ಕುವರ ಮಕ್ಕಳ ಮನೆಯಲ್ಲಿ ಮಲಯಾಳ, ಪೇಟೆಯ ಅಂಗಡಿಯವರ ಮನೆಯಲ್ಲಿ ಕೊಂಕಣಿ, ಮುಸಲ್ಮಾನರ ಮನೆಗಳಲ್ಲಿ ಬ್ಯಾರಿ ಅಥವಾ ಮಾಪಿಳ್ಳೆ ಮಲಯಾಳ, ಒಳನಾಡಿನ ತೋಟಗಳಿಂದ ಬರುವ ಕೆಲವರ ಮನೆಯಲ್ಲಿ ಹವ್ಯಕ ಕನ್ನಡ. ಬೂತಾಯಿ ಎಂದು ಒಬ್ಬ, ಮತ್ತಿ ಎಂದು ಇನ್ನೊಬ್ಬ, ತಾರ್ಲೆ ಎಂದು ಮತ್ತೊಬ್ಬ ಕರೆಯುವ ಮೀನು ಒಂದೇ. ಅವರೆಲ್ಲರೂ ಒಂದೇ ಬೆಂಚಿನಲ್ಲಿ ಕುಳಿತು ಕಲಿತ ಭಾಷೆ ಕನ್ನಡ. ಅದು ನಮಗೆ ಅಡುಗೆಮನೆಯ ಭಾಷೆಯಾಗಿ ಬಂದದ್ದಲ್ಲ. ಬೇರೆ ಬೇರೆ ಅಡುಗೆಮನೆಗಳಿಂದ ಹೊರಟವರು ಒಂದೆಡೆ ಕೂಡುವ ಭಾಷೆಯಾಗಿ ಬಂದದ್ದು.

ಇದರಲ್ಲಿ ನಾಚಿಕೆಪಡಬೇಕಾದದ್ದೇನೂ ಇಲ್ಲ. ನಮ್ಮ ಉತ್ತರಕ್ಕಿರುವ ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. 1949ರಲ್ಲಿ ಅಂದಿನ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಗೌರವವನ್ನು ಕೊಟ್ಟದ್ದು ಅವರ ಕನ್ನಡಕ್ಕಾಗಿ. ಅಧ್ಯಾಪಕರಾಗಿಯೇ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳು ತುಳು ಮನೆತನದವರು. ಅವರು ತುಳುವಿನಲ್ಲೂ ಬರೆದರು, ಕನ್ನಡಕ್ಕಾಗಿಯೂ ಹೋರಾಡಿದರು. ಆದ್ದರಿಂದ ಮನೆಮಾತು ಬೇರೆಯಾಗಿರುವುದು ಕನ್ನಡಕ್ಕೆ ಕೊರತೆಯಲ್ಲ. ಆದರೆ ಅದರಿಂದ ಒಂದು ಹೊಣೆ ಹುಟ್ಟುತ್ತದೆ. ಮನೆಯಲ್ಲಿಲ್ಲದ ಭಾಷೆ ಊರಿನಲ್ಲಿ ಎಲ್ಲಿಯಾದರೂ ಇರಬೇಕು. ಇಲ್ಲವಾದರೆ ಶಾಲೆಯ ಗಂಟೆ ಬಾರಿಸುವುದು ನಿಂತೊಡನೆ ಅದೂ ನಿಲ್ಲುತ್ತದೆ.

ನಮ್ಮ ಬಾಲ್ಯದ ರಜೆಗಳಲ್ಲಿ ಅದು ಎಲ್ಲಿತ್ತೆಂದು ಈಗ ನೆನೆಯುತ್ತೇನೆ.

ನೂರು ವರ್ಷಗಳ ಹಿಂದೆ ಈ ಶಾಲೆ ಆರಂಭವಾದಾಗ ನಮ್ಮ ಊರು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದಾಗ ನಾನು ಮೂರನೆಯ ತರಗತಿಯಲ್ಲಿದ್ದೆ. ಶಿರಿಯ ಹೊಳೆ ಹರಿಯುವ ದಿಕ್ಕು ಬದಲಾಗಲಿಲ್ಲ, ಆರಿಕ್ಕಾಡಿಯ ಕೋಟೆ ಇದ್ದಲ್ಲೇ ಇತ್ತು, ಕುಂಬಳೆಯ ರೈಲು ನಿಲ್ದಾಣವೂ ಇದ್ದಲ್ಲೇ ಇತ್ತು. ದೊಡ್ಡವರು ಪತ್ರಿಕೆ ಓದಿ ಚಿಂತಿಸಿದರು, ಮೆರವಣಿಗೆ ಹೋದರು. ಆಯೋಗಗಳು, ವರದಿಗಳು ನಮಗೆ ಮಕ್ಕಳಿಗೆ ತಿಳಿಯುವ ಸಂಗತಿಗಳಾಗಿರಲಿಲ್ಲ. ಗಡಿ ಎಂಬುದೊಂದು ಇದೆಯೆಂದು ನನಗೆ ಅರಿವಾದದ್ದು ರಜೆಯಿಂದ.

ಗಡಿಯಾಚೆ ಉಳ್ಳಾಲದಲ್ಲಿ ನನ್ನ ಚಿಕ್ಕಮ್ಮನ ಮನೆ. ಅಲ್ಲಿನ ಮಕ್ಕಳಿಗೆ ದಸರಾ ರಜೆ. ನಮಗೆ ಓಣಂಗೆ ಹತ್ತು ದಿನ, ಕ್ರಿಸ್‌ಮಸ್ಸಿಗೆ ಹತ್ತು ದಿನ. ದಸರೆಗೆ ಅವರು ನಮ್ಮ ಮನೆಗೆ ಬಂದಾಗ ನಾವು ಬುತ್ತಿ ಕಟ್ಟಿಕೊಂಡು ಶಾಲೆಗೆ ಹೊರಡುತ್ತಿದ್ದೆವು. ಡಿಸೆಂಬರಿನಲ್ಲಿ ನಾವು ಅಲ್ಲಿಗೆ ಹೋದಾಗ ಅವರು ಶಾಲೆಗೆ ಹೊರಡುತ್ತಿದ್ದರು. ಒಂದು ಚಳಿಗಾಲದಲ್ಲಿ ನಾನು ಅವರ ಶಾಲೆಯ ಆವರಣದ ಗೋಡೆಯ ಹೊರಗೆ ಸಂಜೆಯವರೆಗೂ ಕಾದು ನಿಂತದ್ದು ನೆನಪಿದೆ. ಒಳಗಿನಿಂದ ಮಗ್ಗಿ ಹೇಳುವುದು ಕೇಳುತ್ತಿತ್ತು. ಕೆಲವು ವರ್ಷಗಳಲ್ಲಿ ಅವರ ಪಾಠಪುಸ್ತಕ ಬೇರೆಯಾಯಿತು, ನಮ್ಮದು ಬೇರೆಯಾಯಿತು. ಮಗ್ಗಿ ಮಾತ್ರ ಒಂದೇ ಆಗಿತ್ತು. ನಾನೂ ಗೋಡೆಯ ಹೊರಗೆ ನಿಂತು ಅವರೊಂದಿಗೆ ಹೇಳಿದೆ. ಆಮೇಲೆ ಡಿಸೆಂಬರಿನಲ್ಲಿ ಉಳ್ಳಾಲಕ್ಕೆ ಹೋಗುವುದು ಕಡಿಮೆಯಾಯಿತು. ರಜೆಯೆಂದರೆ ನಮ್ಮ ಊರು, ನಮ್ಮ ಕಡಪ್ಪುರ ಎಂದಾಯಿತು.

ನಮ್ಮ ಚಳಿಗಾಲ ಹೇಳಿಕೊಳ್ಳುವಂಥದ್ದಲ್ಲ. ಉತ್ತರ ದೇಶದವರು ಕೇಳಿದರೆ ನಕ್ಕಾರು. ನಸುಕಿನಲ್ಲಿ ಉಷ್ಣತೆ 20 ಡಿಗ್ರಿಯ ಆಸುಪಾಸಿಗೆ ಇಳಿದರೆ ನಮ್ಮ ಅಜ್ಜಂದಿರು ತಲೆಗೆ ಮುಂಡಾಸು ಸುತ್ತಿ ತೆಂಗಿನ ಮಡಲು ಉರಿಸಿ ಮೈ ಕಾಯಿಸುತ್ತಿದ್ದರು. ಬೆಳಗ್ಗೆ ನೆಲದ ಕಡೆಯಿಂದ ಕಡಲಿನತ್ತ ಬೀಸುವ ಮೂಡಣ ಗಾಳಿ, ಮಧ್ಯಾಹ್ನದ ಬಳಿಕ ಕಡಲಿನಿಂದ ನೆಲದತ್ತ ಬೀಸುವ ಪಡುಗಾಳಿ. ಇವೆರಡರ ನಡುವೆ ಕಡಲು ಎಣ್ಣೆ ಹೊಯ್ದಂತೆ ಸುಮ್ಮನಿರುವ ಒಂದೆರಡು ಗಂಟೆಗಳಿವೆ. ಮಳೆಗಾಲದಲ್ಲಿ ದಡವನ್ನು ಕೊರೆದು ಒಯ್ದ ಮರಳನ್ನು ಕಡಲು ಈ ತಿಂಗಳುಗಳಲ್ಲಿ ಮರಳಿ ತಂದು ಹಾಕುತ್ತದೆ. ಜುಲೈಯಲ್ಲಿ ನಿಲ್ಲಲೂ ಸ್ಥಳವಿಲ್ಲದಲ್ಲಿ ಡಿಸೆಂಬರಿಗೆ ಅಗಲವಾದ ಬಯಲು ಸಿದ್ಧವಾಗಿರುತ್ತಿತ್ತು. ನಮ್ಮ ಲಗೋರಿಗೂ ಕಬಡ್ಡಿಗೂ ಮೈದಾನ ಮಾಡಿಕೊಟ್ಟದ್ದು ಯಾವ ಸರಕಾರವೂ ಅಲ್ಲ, ಕಡಲು.

ಆ ದಿನಗಳು ಧನುಮಾಸದ ನಡುವೆ ಬರುತ್ತವೆ. ತುಳುವರು ಅದನ್ನು ಪೆರಾರ್ದೆ ತಿಂಗಳೆನ್ನುತ್ತಾರೆ. ದೇವಸ್ಥಾನಗಳಲ್ಲಿ ನಕ್ಷತ್ರಗಳು ಮಾಸುವ ಮೊದಲೇ ಧನುಪೂಜೆ. ಪರೀಕ್ಷೆಯ ಕಾಲದಲ್ಲಿ ಅಮ್ಮ ಎಷ್ಟು ಕೂಗಿದರೂ ಏಳದ ನಾವು ರಜೆಯಲ್ಲಿ ಯಾರೂ ಕರೆಯದೆ ಎದ್ದು, ಕೆರೆಯ ಆವಿಯೇಳುವ ನೀರಿನಲ್ಲಿ ಮುಳುಗಿ, ನಡುಗುತ್ತ ಓಡುತ್ತಿದ್ದೆವು. ಭಕ್ತಿ ಎಷ್ಟಿತ್ತೋ ದೇವರಿಗೆ ಗೊತ್ತು. ಬಾಳೆಲೆಯ ತುಂಡಿನಲ್ಲಿ ಬಿಸಿಯಾದ ಪ್ರಸಾದ ಸಿಗುತ್ತದೆಂಬುದು ನಮಗೆ ಗೊತ್ತಿತ್ತು. ಅಲ್ಲಿಂದ ನೇರ ಕಡಪ್ಪುರಕ್ಕೆ. ಇಳಿತದ ಹೊತ್ತಾದರೆ ಅಳಿವೆಯ ಕೆಸರಿನಲ್ಲಿ ಮರುವಾಯಿ ಹೆಕ್ಕುವುದು. ಬಲೆ ಬಂದಿದ್ದರೆ ಹಗ್ಗಕ್ಕೆ ಕೈ ಕೊಡುವುದು. ಹಗ್ಗ ಎಳೆದ ಮಕ್ಕಳಿಗೆ ಬೊಗಸೆ ತುಂಬ ಮೀನು ಕೊಡುವುದು ಅಂದಿನ ಮರ್ಯಾದೆ. ಆ ಮೀನನ್ನು ಒಯ್ಯಲು ಚೀಲವಿಲ್ಲದೆ ಅಂಗಿಯ ತುದಿಯಲ್ಲಿ ಕಟ್ಟಿಕೊಂಡು ಬಂದು ಮನೆಯಲ್ಲಿ ಪೆಟ್ಟು ತಿಂದವರು ಈ ಸಭೆಯಲ್ಲಿ ಹಲವರಿದ್ದಾರೆ. ಅವರು ಈಗ ನಗುತ್ತಿರುವುದು ನನಗೆ ಕಾಣುತ್ತಿದೆ.

ಇದರಲ್ಲೆಲ್ಲ ಕನ್ನಡ ಎಲ್ಲಿದೆಯೆಂದು ನೀವು ಕೇಳಬಹುದು. ಅಲ್ಲಿಗೇ ಬರುತ್ತೇನೆ.

ಮೊದಲನೆಯದಾಗಿ ಅದು ಆಟದಲ್ಲಿತ್ತು. ಯಕ್ಷಗಾನದ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮಳೆಗಾಲ ಕಳೆದ ಮೇಲೆಯೇ ಮತ್ತೆ ಕಟ್ಟುವುದು. ಆದ್ದರಿಂದ ಡಿಸೆಂಬರ್ ಎಂದರೆ ಬಯಲಾಟದ ಸುಗ್ಗಿ. ನಮ್ಮ ಕುಂಬಳೆ ಪಾರ್ತಿಸುಬ್ಬನ ಊರು. ರಾಮಾಯಣದ ಕಥೆಯನ್ನು ಆಟಕ್ಕೆ ಇಳಿಸಿ ಕನ್ನಡದಲ್ಲಿ ಹಾಡಿದವನು ಈ ಮಣ್ಣಿನವನು. ಕೊಯ್ಲು ಮುಗಿದ ಗದ್ದೆಯಲ್ಲಿ ಹರಕೆಯ ಆಟ ನಡೆಯುವ ರಾತ್ರಿ ಊರಿನ ಎಲ್ಲ ಭಾಷೆಗಳೂ ಚಾಪೆ ಸುತ್ತಿಕೊಂಡು ಬರುತ್ತಿದ್ದವು. ದೇವಿ ಮಹಾತ್ಮೆಯಾದರೆ, 'ಮಹಿಷಾಸುರ ಬರುವಾಗ ಎಬ್ಬಿಸಬೇಕು' ಎಂದು ಅಮ್ಮನಲ್ಲಿ ಭಾಷೆ ತೆಗೆದುಕೊಂಡು ನಾವು ಮಲಗುತ್ತಿದ್ದೆವು. ನಡುರಾತ್ರಿ ಜನರ ನಡುವಿನಿಂದ ಪಂಜುಗಳ ಬೆಳಕಿನಲ್ಲಿ ಅವನು ಆರ್ಭಟಿಸುತ್ತ ಬರುವಾಗ ಚಳಿಯೂ ನಿದ್ದೆಯೂ ಒಟ್ಟಿಗೆ ಬಿಟ್ಟು ಹೋಗುತ್ತಿದ್ದವು. ಮರುದಿನ ಕಡಪ್ಪುರದಲ್ಲಿ ನಮ್ಮದೇ ಆಟ. ಗೋಣಿಚೀಲದ ವೇಷ, ತೆಂಗಿನ ಹೊಂಬಾಳೆಯ ಕಿರೀಟ. ಮನೆಯಲ್ಲಿ ತುಳು ಆಡುವವನು ರಾಮನಾಗಿ, ಮಲಯಾಳ ಆಡುವವನು ರಾವಣನಾಗಿ, ಇಬ್ಬರೂ ಪುಸ್ತಕದ ಕನ್ನಡದಲ್ಲಿ ವಾದಿಸುತ್ತಿದ್ದರು. 'ನೀನು' ಎಂಬುದು 'ನೀಂ' ಆಗುತ್ತಿತ್ತು, 'ಆದರೆ' ಎಂಬುದು 'ಆದೊಡೆ' ಆಗುತ್ತಿತ್ತು. ವ್ಯಾಕರಣದ ತರಗತಿಯಲ್ಲಿ ಬಾಯಿ ತೆರೆಯದ ಹುಡುಗರು ಅಲ್ಲಿ ಸಂಧಿ ಸಮಾಸಗಳನ್ನು ಸಲೀಸಾಗಿ ಉಪಯೋಗಿಸುತ್ತಿದ್ದರು. ನಮ್ಮ ನೆರೆಯ ಮೊಗ್ರಾಲು ಮಾಪಿಳ್ಳೆ ಹಾಡಿಗೆ ಹೆಸರಾದ ಊರು. ಅಲ್ಲಿನ ಗೆಳೆಯರು ಅದೇ ಗಂಟಲಿನಲ್ಲಿ ಭಾಗವತಿಕೆಯನ್ನೂ ಅನುಕರಿಸುತ್ತಿದ್ದರು. ಯಾರೂ ಅದನ್ನು ಸೌಹಾರ್ದ ಎಂದು ಹೆಸರಿಟ್ಟು ಕರೆಯಲಿಲ್ಲ. ಆಟಕ್ಕೆ ಜನ ಬೇಕಿತ್ತು, ಅಷ್ಟೆ.

ಎರಡನೆಯದಾಗಿ ಅದು ಕಾಗದದಲ್ಲಿತ್ತು. ನಮ್ಮ ಕಡಪ್ಪುರದ ಬಹಳಷ್ಟು ಮನೆಗಳಿಂದ ಒಬ್ಬರಾದರೂ ಮುಂಬಯಿಯಲ್ಲಿದ್ದರು. ಹಗಲು ಹೊಟೇಲಿನಲ್ಲಿ ದುಡಿದು ಸಂಜೆ ಅಲ್ಲಿನ ಕನ್ನಡ ರಾತ್ರಿಶಾಲೆಗೆ ಹೋದವರೂ ಇದ್ದರು. ವರ್ಷಾಂತ್ಯಕ್ಕೆ ಅವರ ಕಾಗದ ಬರುತ್ತಿತ್ತು, ಕೆಲವೊಮ್ಮೆ ಮನಿಯಾರ್ಡರೂ ಬರುತ್ತಿತ್ತು. ಮನೆಯಲ್ಲಿ ಓದಬಲ್ಲವರು ರಜೆಯಲ್ಲಿದ್ದ ಮಕ್ಕಳು ಮಾತ್ರ. ಕನ್ನಡದಲ್ಲಿ ಬರೆದ ಕಾಗದವನ್ನು ಮಗು ಕನ್ನಡದಲ್ಲಿ ಓದಬೇಕು, ಅಜ್ಜಿಗೆ ತುಳುವಿನಲ್ಲಿ ಹೇಳಬೇಕು. ಅಜ್ಜಿ ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯಬೇಕು. 'ನಿನ್ನ ತಂದೆಗೆ ಕೆಮ್ಮು ಜಾಸ್ತಿ' ಎಂದು ಬರೆಯುವುದೋ ಬೇಡವೋ ಎಂದು ಯೋಚಿಸಿ, ಕೊನೆಗೆ 'ನಾವೆಲ್ಲ ಕ್ಷೇಮ' ಎಂದು ಬರೆದ ಹತ್ತು ವರ್ಷದ ಮಗುವಿಗೆ ಭಾಷೆಯ ಭಾರವೇನೆಂಬುದನ್ನು ಯಾವ ಅಧ್ಯಾಪಕನೂ ಬೇರೆ ಕಲಿಸಬೇಕಾಗಿರಲಿಲ್ಲ.

ಮೂರನೆಯದನ್ನು ನಾನು ತಿಳಿದದ್ದು ಬಹಳ ತಡವಾಗಿ, ಅಧ್ಯಾಪಕನಾದ ಮೇಲೆ. ಅದು ನನ್ನದೇ ಒಂದು ತಪ್ಪಿನ ಕಥೆ. ಇಷ್ಟು ವರ್ಷ ಯಾರ ಮುಂದೆಯೂ ಹೇಳಿರಲಿಲ್ಲ.

1970ರ ದಶಕದ ಉತ್ತರಾರ್ಧ. ಹತ್ತಾರು ಜನ ಸೇರಿ ದಡದಿಂದ ಎಳೆಯುವ ದೊಡ್ಡ ರಂಪಣಿ ಬಲೆಗಳ ಕೊನೆಯ ಕಾಲ ಅದು. ಯಂತ್ರದೋಣಿಗಳು ಪರ್ಸೀನ್ ಬಲೆಗಳೊಂದಿಗೆ ಹೊರಗಡಲಿನಲ್ಲೇ ಮೀನಿನ ಹಿಂಡನ್ನು ಸುತ್ತುವರಿದು ಹಿಡಿಯಲು ತೊಡಗಿದ್ದವು. ಹಿಂಡು ದಡಕ್ಕೆ ಬರುವುದು ಕಡಿಮೆಯಾಗುತ್ತಿತ್ತು. ನಾನು ಆಗ ಉತ್ಸಾಹದ ಅಧ್ಯಾಪಕ. ರಜೆಯಲ್ಲಿ ಮಕ್ಕಳು ಅಕ್ಷರ ಮರೆಯಬಾರದೆಂದು ಪಾಠಪುಸ್ತಕದಿಂದ ದಿನಕ್ಕೊಂದು ಪುಟದಂತೆ ಹತ್ತು ಪುಟ ಕಾಪಿ ಬರೆದು ತರಲು ಆರನೆಯ ತರಗತಿಗೆ ಹೇಳಿದ್ದೆ.

ಜನವರಿಯಲ್ಲಿ ಶಾಲೆ ತೆರೆದಾಗ ಎಲ್ಲರೂ ಬರೆದು ತಂದಿದ್ದರು. ಒಬ್ಬ ಹುಡುಗ ತಂದಿರಲಿಲ್ಲ. ಮಲಯಾಳ ಮನೆಮಾತಿನವನು, ಹಿಂದಿನ ಬೆಂಚಿನವನು. ಕೇಳಿದೆ. 'ಬರೆದದ್ದು ಉಂಟು ಮಾಷೇ, ನೀವು ಹೇಳಿದ್ದಲ್ಲ' ಎಂದ. ತರಗತಿ ನಕ್ಕಿತು. ನನಗೆ ಅದು ಉದ್ಧಟತನವಾಗಿ ಕೇಳಿಸಿತು. ಅವನನ್ನು ಹೊರಗೆ ಜಗಲಿಯಲ್ಲಿ ನಿಲ್ಲಿಸಿದೆ. ಮಧ್ಯಾಹ್ನದವರೆಗೂ ನಿಂತಿದ್ದ.

ಸಂಜೆ ಪುಸ್ತಕಗಳ ರಾಶಿಯಲ್ಲಿ ಅವನದ್ದನ್ನೂ ತೆರೆದೆ. ಮುಂದಿನ ಪುಟಗಳು ಖಾಲಿ. ಹಿಂಬದಿಯಿಂದ ತಿರುಗಿಸಿದರೆ ಹತ್ತು ಪುಟ ತುಂಬ ಬರಹವಿತ್ತು. ದಿನಕ್ಕೊಂದು ಪುಟ, ಮೇಲೆ ತಾರೀಕು. ಯಾವ ಬಲೆ, ಎಷ್ಟು ಬುಟ್ಟಿ ಬಂಗುಡೆ, ಎಷ್ಟು ಬುಟ್ಟಿ ಬೂತಾಯಿ, ಬುಟ್ಟಿಗೆ ಸಿಕ್ಕಿದ ಕ್ರಯ, ಬಲೆಯ ಪಾಲು, ದೋಣಿಯ ಪಾಲು, ಎಳೆದವರ ಪಾಲು. ಎಳೆದವರ ಹೆಸರುಗಳು ಸಾಲಾಗಿದ್ದವು. ಒಂದು ಹೆಸರಿನ ಮುಂದೆ ಮಾತ್ರ ಪ್ರತಿದಿನವೂ 'ಸೌಖ್ಯವಿಲ್ಲ' ಎಂದು ಬರೆದು, ಅದರ ಕೆಳಗೆ 'ಬದಲಿಗೆ ನಾನು' ಎಂದಿತ್ತು. ಅದು ಅವನ ತಂದೆಯ ಹೆಸರು. ಎಲ್ಲವೂ ಕನ್ನಡದಲ್ಲಿತ್ತು. ಪಾಲು ಎಂಬುದು ಫಾಲು ಆಗಿತ್ತು, ಬುಟ್ಟಿಗೆ ಒತ್ತಕ್ಷರವಿರಲಿಲ್ಲ. ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ.

ಆಮೇಲೆ ತಿಳಿಯಿತು. ಆ ತಂಡದಲ್ಲಿ ಅಕ್ಷರ ಬಲ್ಲವನು ಅವನೊಬ್ಬನೇ. ತಂಡೇಲನೇ ಅವನನ್ನು ಕುಳ್ಳಿರಿಸಿ ಬರೆಸಿದ್ದ. ತುಳುವರೂ ಮಲಯಾಳದವರೂ ಇದ್ದ ತಂಡ ಅದು. ಬರೆದದ್ದನ್ನು ಅವನು ಸಂಜೆ ಗಟ್ಟಿಯಾಗಿ ಓದಿದಾಗ ಎಲ್ಲರೂ ಒಪ್ಪುತ್ತಿದ್ದರಂತೆ. ನೋಡಿ, ಹತ್ತು ದಿನಗಳ ಕಾಲ ಒಂದು ಕಡಪ್ಪುರದ ಅನ್ನದ ಲೆಕ್ಕ ನಮ್ಮ ಶಾಲೆಯ ಕನ್ನಡದಲ್ಲಿ ಬರೆಯಲ್ಪಟ್ಟಿತ್ತು. ಅದನ್ನು ಬರೆದವನನ್ನು, ಕನ್ನಡ ಬರೆಯಲಿಲ್ಲವೆಂಬ ಕಾರಣಕ್ಕೆ ನಾನು ಜಗಲಿಯಲ್ಲಿ ನಿಲ್ಲಿಸಿದ್ದೆ.

ಮರುದಿನ ನಾನು ಅವನಲ್ಲಿ ಕ್ಷಮೆ ಕೇಳಲಿಲ್ಲ. ಅಧ್ಯಾಪಕರು ಮಕ್ಕಳ ಕ್ಷಮೆ ಕೇಳುವ ಪದ್ಧತಿ ಆ ಕಾಲದಲ್ಲಿ ಇರಲಿಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೆಂಪು ಶಾಯಿಯಲ್ಲಿ ಫಾಲು ಎಂಬುದನ್ನು ತಿದ್ದಿ, ಕೆಳಗೆ ಸಹಿ ಹಾಕಿ ಪುಸ್ತಕವನ್ನು ಹಿಂತಿರುಗಿಸಿದೆ. ಅವನು ಏಳನೆಯ ತರಗತಿ ಮುಗಿಸಿ ದೋಣಿ ಸೇರಿದ. ಅವನ ಮಕ್ಕಳು ಈ ಶಾಲೆಗೆ ಬರಲಿಲ್ಲ.

ಬಂಧುಗಳೇ, ಅದಕ್ಕಾಗಿ ನಾನು ಅವನನ್ನು ದೂರಲಾರೆ. ಕನ್ನಡದ ಮೇಲೆ ಅಭಿಮಾನವಿಲ್ಲದವರು ಮಕ್ಕಳನ್ನು ಬೇರೆ ಶಾಲೆಗೆ ಕಳುಹಿಸುತ್ತಾರೆಂದು ನಮ್ಮ ಸಭೆಗಳಲ್ಲಿ ಹೇಳುವುದುಂಟು. ನಾನೂ ಹೇಳಿದ್ದೇನೆ. ಆದರೆ ವಿಚಾರ ಮಾಡಿ. ಇಂದು ಅವನ ಮನೆಗೆ ಬರುವ ಕಾಗದಗಳಲ್ಲಿ ಹೆಚ್ಚಿನವು ಮಲಯಾಳದಲ್ಲಿ, ಇಲ್ಲವೆ ಇಂಗ್ಲಿಷಿನಲ್ಲಿ ಬರುತ್ತವೆ. ಮುಂಬಯಿಯ ಕಾಗದ ನಿಂತು ಎಷ್ಟೋ ಕಾಲವಾಯಿತು. ದುಬೈಯಲ್ಲಿರುವ ಮಗ ದೂರವಾಣಿಯಲ್ಲಿ ಮುಖ ತೋರಿಸಿ ಮನೆಮಾತಿನಲ್ಲೇ ಮಾತಾಡುತ್ತಾನೆ. ರಂಪಣಿ ಹೋಯಿತು, ಅದರೊಂದಿಗೆ ಲೆಕ್ಕದ ಪುಸ್ತಕವೂ ಹೋಯಿತು. ಉಳಿದದ್ದು ಆಟ. ಅದೂ ಈಗ ಹಲವೆಡೆ ನಡುರಾತ್ರಿಗೆ ಮುಗಿಯುತ್ತದೆ. ಮಹಿಷಾಸುರ ಬರುವಾಗ ಎಬ್ಬಿಸಬೇಕಾದ ಮಕ್ಕಳು ಮನೆಯಲ್ಲಿ ಮಲಗಿರುತ್ತಾರೆ, ಏಕೆಂದರೆ ಬೆಳಗ್ಗೆ ಟ್ಯೂಷನ್ ಇದೆ. ಕಡಲು ಮರಳು ತಂದು ಹಾಕುತ್ತಿದ್ದ ಬಯಲಿನಲ್ಲಿ ಕೆಲವೆಡೆ ಈಗ ಕಗ್ಗಲ್ಲಿನ ತಡೆಗೋಡೆಗಳಿವೆ. ಮನೆಗಳನ್ನು ಉಳಿಸಲು ಅವು ಬೇಕಾಗಿರಬಹುದು. ಲಗೋರಿಗೆ ಮಾತ್ರ ಸ್ಥಳವಿಲ್ಲ.

ಮಲಯಾಳದ ಮೇಲೆ ನನಗೆ ಸಿಟ್ಟಿದೆಯೆಂದು ಯಾರೂ ತಿಳಿಯಬೇಡಿ. ಅದು ನಮ್ಮ ನೆರೆಮನೆಯ ಭಾಷೆ, ಇಲ್ಲಿ ಕುಳಿತಿರುವ ಹಲವರ ತಾಯಿಯ ಭಾಷೆ. ನಾನೂ ಅದರಲ್ಲಿ ಓದಿ ಸಂತೋಷಪಟ್ಟಿದ್ದೇನೆ. ಭಾಷಾ ಅಲ್ಪಸಂಖ್ಯಾತರಿಗೆ ಸಲ್ಲಬೇಕಾದ ಹಕ್ಕುಗಳಿವೆ. ಅರ್ಜಿ ನಮೂನೆಗಳು ಕನ್ನಡದಲ್ಲಿ ಬೇಕು, ಕನ್ನಡ ಬಲ್ಲ ಅಧ್ಯಾಪಕರು ಬೇಕು. ಸಂವಿಧಾನ ನಮಗೆ ಕೊಟ್ಟದ್ದನ್ನು ನಾವು ಕೇಳಲೇಬೇಕು, ಕೇಳುತ್ತಲೂ ಇದ್ದೇವೆ. ಆದರೆ ಸರಕಾರ ಕೊಡಬಹುದಾದದ್ದು ಶಾಲೆ ತೆರೆದಿರುವ ದಿನಗಳ ಕನ್ನಡವನ್ನು. ಶಾಲೆ ಮುಚ್ಚಿರುವ ದಿನಗಳ ಕನ್ನಡವನ್ನು ಕೊಡಬೇಕಾದವರು ನಾವು. ಮಕ್ಕಳು ಏನಾದರೂ ಮಾಡಲು ಒಂದು ಭಾಷೆ ಉಪಯೋಗಕ್ಕೆ ಬಂದರೆ ಅದು ಉಳಿಯುತ್ತದೆ. ಪ್ರೀತಿಸಬೇಕೆಂದು ವೇದಿಕೆಯಿಂದ ಹೇಳಿದ ಮಾತ್ರಕ್ಕೆ ಉಳಿಯುವುದಿಲ್ಲ.

ಶತಮಾನೋತ್ಸವ ಸಮಿತಿಯ ಮುಂದೆ ನನ್ನ ಎರಡು ಸಣ್ಣ ಕೋರಿಕೆಗಳಿವೆ. ಸ್ಮಾರಕ ಭವನ, ದ್ವಾರ, ರಂಗಮಂದಿರ ಎಲ್ಲವೂ ಆಗಲಿ. ಅದರೊಂದಿಗೆ ಇವೂ ಆಗಲಿ.

ಒಂದು, ಮುಂದಿನ ಡಿಸೆಂಬರಿನಿಂದ ಈ ಹತ್ತು ದಿನಗಳಲ್ಲಿ ನಮ್ಮ ಗ್ರಂಥಾಲಯದ ಕೋಣೆಯ ಬೀಗ ಮಾತ್ರ ತೆರೆದಿರಲಿ. ಅಲ್ಲಿನ ಕಪಾಟುಗಳಲ್ಲಿ ಒಳ್ಳೆಯ ಪುಸ್ತಕಗಳಿವೆ. ಮಕ್ಕಳಿಗೆ ಬಿಡುವಿರುವ ದಿನಗಳಲ್ಲೇ ಅವುಗಳಿಗೆ ಬೀಗವಿರುತ್ತದೆ. ಕೀಲಿಕೈ ಹಿಡಿದು ಕುಳಿತುಕೊಳ್ಳಲು ಒಬ್ಬ ಮುದುಕ ಬೇಕಷ್ಟೆ. ನಾನು ಸಿದ್ಧನಿದ್ದೇನೆ. ನನ್ನ ಬಳಿಕ ಇನ್ನೊಬ್ಬರು ಸಿಕ್ಕಾರು. ಟ್ಯೂಷನ್ ಮುಗಿಸಿ ಹತ್ತು ಗಂಟೆಗೆ ಬರಲಿ, ಊಟದವರೆಗೆ ಇರಲಿ. ಓದದೆ ಬರಿದೆ ಕುಳಿತು ಹರಟಿದರೂ ಸರಿ. ಈ ಶಾಲೆಯ ಮಕ್ಕಳಲ್ಲದವರು ಬಂದರೂ ಸರಿ. ಕನ್ನಡ ಓದಲು ಬಾರದವರು ಬಂದರೆ ಓದಬಲ್ಲವರು ಓದಿ ಹೇಳಲಿ. ನಾವು ಅಜ್ಜಿಯರಿಗೆ ಓದಿ ಹೇಳಿದಂತೆ.

ಎರಡು, ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ. ರಜೆಗೆ ಕಾಪಿ ಬರೆಯಲು ಹೇಳಬೇಡಿ. ಮನೆಯ ಲೆಕ್ಕ ಬರೆದು ತರಲು ಹೇಳಿ. ಅಮ್ಮ ಪೇಟೆಗೆ ಹೋದಾಗ ಯಾವ ಮೀನು ತಂದಳು, ಅದಕ್ಕೆ ಎಷ್ಟು ಕ್ರಯ, ಅದನ್ನು ನೆರೆಮನೆಯವರು ಏನೆಂದು ಕರೆಯುತ್ತಾರೆ ಎಂದು ಬರೆಯಲಿ. ಅಜ್ಜ ಯಾವ ಬಲೆ ಎಳೆದಿದ್ದ, ಅಜ್ಜಿ ಯಾವ ತಿಂಗಳಲ್ಲಿ ಮರುವಾಯಿ ಹೆಕ್ಕುತ್ತಿದ್ದಳು ಎಂದು ಕೇಳಿ ಬರೆಯಲಿ. ಕೇಳುವುದು ಮನೆಮಾತಿನಲ್ಲಿ, ಬರೆಯುವುದು ಕನ್ನಡದಲ್ಲಿ. ಹತ್ತು ವರ್ಷ ಹೀಗೆ ಮಾಡಿದರೆ ಈ ಕಡಪ್ಪುರದ ಚರಿತ್ರೆ ನಮ್ಮ ಕಪಾಟಿನಲ್ಲೇ ಇರುತ್ತದೆ. ಅದನ್ನು ಬರೆಯಲು ಹೊರಗಿನ ಪಂಡಿತರು ಬರಬೇಕಾಗಿಲ್ಲ. ಮಕ್ಕಳ ಬರಹದಲ್ಲಿ ಪಾಲು ಎಂಬುದು ಫಾಲು ಆಗಿ ಬಂದರೆ ತಿದ್ದಿ. ಆದರೆ ತಿದ್ದುವ ಮೊದಲು ಪೂರ್ತಿ ಓದಿ.

ಮಕ್ಕಳೇ, ನಿಮಗೊಂದು ಮಾತು. ನೀವು ಇಷ್ಟು ಹೊತ್ತು ಸುಮ್ಮನೆ ಕುಳಿತದ್ದೇ ದೊಡ್ಡದು. ರಜೆಯ ಒಂದು ಬೆಳಗ್ಗೆಯನ್ನು ನಮಗಾಗಿ ಕಳೆದಿರಿ. ಮಧ್ಯಾಹ್ನದ ಹೊತ್ತಿಗೆ ಇಳಿತವಿದೆಯೆಂದು ಹೊರಗೆ ಯಾರೋ ಹೇಳುತ್ತಿದ್ದರು. ಊಟ ಮಾಡಿದ ಮೇಲೆ ಅಳಿವೆಯ ಕಡೆಗೆ ಹೋಗಿ. ದೊಡ್ಡವರನ್ನು ಜತೆಗೆ ಕರೆದುಕೊಂಡು ಹೋಗಿ. ಏನು ಕಂಡಿರೆಂದು ನಾಳೆ ಒಂದು ಪುಟ ಬರೆಯಿರಿ. ಯಾರಿಗೂ ತೋರಿಸಬೇಕಾಗಿಲ್ಲ.

ಕೊನೆಯದಾಗಿ, ಆ ಹುಡುಗ. ಈಗ ಅವರು ಹುಡುಗರಲ್ಲ, ಮೊಮ್ಮಕ್ಕಳನ್ನು ಕಂಡವರು. ಅವರ ಹೆಸರನ್ನು ನಾನು ಇಲ್ಲಿ ಹೇಳಲಿಲ್ಲ, ಅವರ ಒಪ್ಪಿಗೆ ಪಡೆದಿಲ್ಲ. ಆಮಂತ್ರಣ ಪತ್ರಿಕೆಯನ್ನು ನಾನೇ ಅವರ ಮನೆಗೆ ಒಯ್ದು ಕೊಟ್ಟಿದ್ದೆ. ಅವರು ಈ ಸಭೆಯಲ್ಲಿ ಇದ್ದಾರೋ ಇಲ್ಲವೋ, ನನ್ನ ಕಣ್ಣಿಗೆ ಈಗ ಹಿಂದಿನ ಸಾಲುಗಳು ಸ್ಪಷ್ಟವಾಗಿ ಕಾಣುವುದಿಲ್ಲ. ಇದ್ದರೆ ಅವರಿಗೂ, ಇಲ್ಲದಿದ್ದರೆ ನೀವು ಯಾರಾದರೂ ಹೋಗಿ ಅವರಿಗೆ ಹೇಳುವಂತೆಯೂ, ಈ ಮಾತನ್ನು ಹೇಳಿ ಮುಗಿಸುತ್ತೇನೆ. ಅಂದು ನಿಮ್ಮನ್ನು ಜಗಲಿಯಲ್ಲಿ ನಿಲ್ಲಿಸಿದ್ದು ತಪ್ಪು. ಆ ಹತ್ತು ಪುಟಗಳು ನನ್ನ ಅಧ್ಯಾಪನದ ಕಾಲದಲ್ಲಿ ನಾನು ಓದಿದ ಅತ್ಯುತ್ತಮ ಕನ್ನಡ ಬರಹಗಳಲ್ಲಿ ಒಂದು. ಅದಕ್ಕೆ ಅಂಕ ಕೊಡುವುದನ್ನು ಮರೆತಿದ್ದೆ. ಮನ್ನಿಸಬೇಕು.